ಕೂಸು ನೋಡುವ ಮಕ್ಕಳಿಗೆ ಹೇಳಿಕೊಡುವವರು ಯಾರು?

ಸಂಪಾದಕರಿಗೆ ನಮಸ್ಕಾರ.

ಹೋದ ಬೇಸಿಗೆ ರಜೆಯ ಮಾತು. ಮಗ, ಸೊಸೆ ಕಾಯಿ ಸುಲಿಯಲು ತೋಟಕ್ಕೆ ಹೋಗಿದ್ದರು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. 10 ತಿಂಗಳ ಮೊಮ್ಮಗನ ಹತ್ತಿರ 11 ವರ್ಷದ ಮೊಮ್ಮಗಳನ್ನು ಕೂರಿಸಿದ್ದೆ. ಹಿಂದಿನ ದಿನ ಪಡಸಾಲೆಯಲ್ಲಿ ಹುಣಸೆಹಣ್ಣು ಕುಟ್ಟಿದ್ದೆವು. ಗುಡಿಸಿದ್ದರೂ ಚಾಪೆ ಕೆಳಗೆ ಒಂದು ಬೀಜ ಉಳಿದಿತ್ತು.

‘ಅಜ್ಜೀ’ ಎಂದು ಅವಳು ಕಿರುಚಿದ್ದು ಕೇಳಿ ಓಡಿ ಬಂದೆ. ಕೂಸಿಗೆ ಅಳುವೂ ಇಲ್ಲ, ಕೆಮ್ಮೂ ಇಲ್ಲ. ತುಟಿ ನೀಲಿಗಟ್ಟುತ್ತಿತ್ತು. ಹುಡುಗಿ ಬಾಯಿಗೆ ಬೆರಳು ಹಾಕಿ ತಡಕುತ್ತಿದ್ದಳು. ಹಾಗೆ ಮಾಡಿದರೆ ಸಿಕ್ಕಿಕೊಂಡದ್ದು ಇನ್ನೂ ಒಳಕ್ಕೆ ಹೋಗುತ್ತದೆ. ಆದರೆ ಅವಳಿಗೆ ಹೇಗೆ ಗೊತ್ತಿರಬೇಕು? ನಾನು 26 ವರ್ಷ ಅಂಗನವಾಡಿಯಲ್ಲಿ ಇದ್ದವಳು. ಎಂದೋ ತರಬೇತಿಯಲ್ಲಿ ತೋರಿಸಿದ್ದು ಕೈಗೆ ನೆನಪಿತ್ತು. ಕೂಸನ್ನು ಮುಂಗೈ ಮೇಲೆ ಬೋರಲು ಹಾಕಿ, ದವಡೆ ಹಿಡಿದು, ತಲೆ ತಗ್ಗಿಸಿ, ಬೆನ್ನಿನ ರೆಕ್ಕೆಮೂಳೆಗಳ ನಡುವೆ ಅಂಗೈ ಬುಡದಿಂದ ಹೊಡೆದೆ. ನಾಲ್ಕನೇ ಏಟಿಗೆ ಬೀಜ ಟಕ್ ಅಂತ ನೆಲಕ್ಕೆ ಬಿತ್ತು. ಕೂಸು ಅತ್ತಿತು.

ಮೊಮ್ಮಗಳು ಆ ರಾತ್ರಿ ಊಟ ಮಾಡಲಿಲ್ಲ. ‘ನಂಗ್ಯಾರೂ ಹೇಳ್ಕೊಟ್ಟಿರಲಿಲ್ಲ ಅಜ್ಜಿ’ ಎಂದಳು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟ ನಾನು ಮನೆಯ ಮಗುವಿಗೇ ಹೇಳಿರಲಿಲ್ಲ. ಮೇಕೆ ಹೊಡೆದುಕೊಂಡು ಹೋಗುವ ಹುಡುಗನಿಗೂ ಯಾವ ಸೊಪ್ಪಿಗೆ ಬಾಯಿ ಹಾಕಿಸಬಾರದು ಅಂತ ಹೇಳಿ ಕಳಿಸುತ್ತೇವೆ. ಕೂಸನ್ನು ಸೊಂಟಕ್ಕೆ ಏರಿಸಿ ಹೋಗುವಾಗ ಮಾತ್ರ ‘ಅಳಿಸಬೇಡ’ ಅಂದುಬಿಡುತ್ತೇವೆ. ಅಷ್ಟೇ ಅಲ್ವಾ?

ಆಮೇಲೆ ಒಂದು ಕೆಲಸ ಮಾಡಿದೆ. ಹಳೇ ದಿಂಬಿನ ಚೀಲಕ್ಕೆ 8 ಕೆ.ಜಿ. ರಾಗಿ ತುಂಬಿ, ಕುತ್ತಿಗೆಗೆ ದಾರ ಬಿಗಿದು, ಕುಲಾವಿ ಹಾಕಿದೆ. ನಮ್ಮ ಕೂಸಿನಷ್ಟೇ ಭಾರ. ಬೀದಿಯ ಆರೇಳು ಮಕ್ಕಳು ಸೇರಿದರು. ಬೆನ್ನಿಗೆ ಐದು ಏಟು, ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತುವುದು, ಮತ್ತೆ ಬೆನ್ನಿಗೆ. ಇದು ವರ್ಷ ತುಂಬದ ಕೂಸಿಗೆ. ಜೋರಾಗಿ ಕೆಮ್ಮುತ್ತಿದ್ದರೆ ಹೊಡೆಯದೆ ಕೆಮ್ಮಲು ಬಿಡಬೇಕು. ಮೊದಲ ದಿನ ಹುಡುಗರು ನಕ್ಕರು. ಮೂರನೇ ದಿನ ಅವರೇ ‘ಅಜ್ಜಿ, ತಲೆ ಸರಿಯಾಗಿ ತಗ್ಗಿಲ್ಲ’ ಎಂದು ನನ್ನನ್ನು ತಿದ್ದಿದರು.

ಕಲಿಸಬೇಕಾದದ್ದು ಇನ್ನೂ ಇದೆ. ಗಂಜಿ ಚೆಲ್ಲಿ ಸುಟ್ಟರೆ ಪೇಸ್ಟು, ಅರಿಶಿನ, ಇಂಕು ಹಚ್ಚಬಾರದು, 20 ನಿಮಿಷ ತಣ್ಣೀರು ಹರಿಸಬೇಕು. ಅರ್ಧ ಬಕೆಟ್ ನೀರೂ ಕೂಸಿಗೆ ಬಾವಿಯೇ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೆ ಬಿದ್ದವರು ಮೇಲೆ ಬರಲು ಕಾಲು ನಿಲ್ಲುವುದಿಲ್ಲ, ಆ ಕಡೆಗೆ ಕೂಸು ಎತ್ತಿಕೊಂಡು ಹೋಗಲೇಬಾರದು. ಎಷ್ಟು ಅತ್ತರೂ ಕೂಸನ್ನು ಹಿಡಿದು ಜೋರಾಗಿ ಅಲ್ಲಾಡಿಸಬಾರದು. ಸಿಟ್ಟು ಬಂದರೆ ಚಾಪೆ ಮೇಲೆ ಮಲಗಿಸಿ ಎರಡು ನಿಮಿಷ ಬಾಗಿಲಲ್ಲಿ ನಿಲ್ಲು ಎಂದು ನಾನು ಹೇಳಿದಾಗ ಒಬ್ಬ ಹುಡುಗಿ ಕಣ್ಣೊರೆಸಿಕೊಂಡಳು. ನಾನು ಏನೂ ಕೇಳಲಿಲ್ಲ.

108ಕ್ಕೆ ಫೋನ್ ಮಾಡಿ ಎಂದು ಸುಲಭವಾಗಿ ಹೇಳುತ್ತೇವೆ. ಫೋನ್ ಅಮ್ಮನ ಜೊತೆ ಹೊಲಕ್ಕೆ ಹೋಗಿರುತ್ತದೆ. ಅದಕ್ಕೇ ಯಾವ ಮನೆಯ ಬಾಗಿಲು ಬಡಿಯಬೇಕು ಎಂದು ಮೊದಲೇ ತೋರಿಸಿರಬೇಕು.

ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರಗಳಲ್ಲಿ, ಅಂದರೆ ಊರಿನ ಗ್ರಂಥಾಲಯಗಳಲ್ಲಿ, ಬೇಸಿಗೆ ಶಿಬಿರ ನಡೆಯುತ್ತದೆ. ಅದರಲ್ಲಿ ಒಂದು ಬೆಳಗ್ಗೆ ಇದಕ್ಕೆ ಕೊಡಿ. ಊರಿನ ನರ್ಸಮ್ಮನನ್ನು ಕರೆಸಿ. 11–12 ದಾಟಿದ ಮಕ್ಕಳು ಸಾಕು, ಆದರೆ ಹುಡುಗರೂ ಬರಲಿ. ಕೂಸು ಎತ್ತುವುದು ಹುಡುಗಿಯರ ಪಾಲಿಗೆ ಮಾತ್ರ ಬರೆದಿದೆಯಾ?

ಒಂದು ಭಯವೂ ಇದೆ. ಮಕ್ಕಳಿಗೆ ಕಲಿಸಿದ್ದೇವಲ್ಲ ಎಂದು ದೊಡ್ಡವರು ದಿನವಿಡೀ ಬಿಟ್ಟು ಹೋಗಬಾರದು. ಅರ್ಧ ಗಂಟೆ, ಒಂದು ಗಂಟೆ, ಕೂಗಳತೆಯಲ್ಲಿ ದೊಡ್ಡವರು ಇರುವಾಗ, ಅಷ್ಟೇ. ಕೂಸಿಗಾಗಿ ಒಂದು ದಿನವೂ ಶಾಲೆ ತಪ್ಪಬಾರದು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 4,000 ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ತೆರೆಯುತ್ತೇವೆ ಎಂದು ಸರ್ಕಾರ 2023ರ ಬಜೆಟ್‌ನಲ್ಲಿ ಹೇಳಿತ್ತು. ಅವು ಪ್ರತಿದಿನ ಬಾಗಿಲು ತೆರೆದಿರಬೇಕು. ತೋಟದ ಕೂಲಿಗೆ ಹೋಗುವವರ ಕೂಸುಗಳಿಗೂ ಅಲ್ಲಿ ಜಾಗ ಸಿಗಬೇಕು.

ಈ ಏಪ್ರಿಲ್‌ನಲ್ಲಿ ನಮ್ಮ ಪಂಚಾಯ್ತಿಯವರು ಒಪ್ಪಿದರೆ ರಾಗಿ ಕೂಸನ್ನು ಎತ್ತಿಕೊಂಡು ನಾನೇ ಬರುತ್ತೇನೆ. ಮೊಮ್ಮಗಳೂ ಬರುತ್ತಾಳೆ. ಹೇಗೆ ಹಿಡಿಯಬೇಕು ಅಂತ ಈಗ ನನಗಿಂತ ಚೆನ್ನಾಗಿ ಅವಳೇ ತೋರಿಸುತ್ತಾಳೆ.

– ನಿವೃತ್ತ ಅಂಗನವಾಡಿ ಕಾರ್ಯಕರ್ತೆ,
ಚಿಕ್ಕನಾಯಕನಹಳ್ಳಿ ತಾಲ್ಲೂಕು, ತುಮಕೂರು ಜಿಲ್ಲೆ