ಏಳು ಗಂಟೆಯ ನೆಂಟರು

ಲಿಸ್ಬನ್
ಪೋರ್ಚುಗಲ್
ಜೂನ್ 15, ಭಾನುವಾರ

ಪ್ರೀತಿಯ ಅಣ್ಣನಿಗೆ,

ಅಪ್ಪ, ಅವ್ವ, ಅತ್ತಿಗೆಗೆ ನನ್ನ ನಮಸ್ಕಾರ. ಪಾಪುಗೆ ಮುತ್ತು. ನಾನು ಇಲ್ಲಿ ಚೆನ್ನಾಗಿದ್ದೇನೆ. ಅಲ್ಲಿ ಮಳೆ ಹಿಡಿದಿದೆ ಎಂದು ಅವ್ವ ಹೇಳಿದಳು. ಆಲೂಗಡ್ಡೆ ಬಿತ್ತನೆ ಮುಗಿಯಿತಾ? ಈ ಕಾಗದ ಉದ್ದ ಇದೆ. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳು.

ಹೋದ ವಾರ ಫೋನಿನಲ್ಲಿ ನೀನೊಂದು ಮಾತು ಕೇಳಿದೆ. "ಬೆಂಗಳೂರಿಂದ ಒಂದೇ ದಿನಕ್ಕೆ ಬರೋರು ಜಾಸ್ತಿ ಆಗಿದ್ದಾರೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರೂ ಸುತ್ತಿಸಿ ಕಳಿಸ್ತೀನಿ. ದುಡ್ಡೂ ಕೊಡ್ತಾರೆ. ಆದ್ರೆ ಹೋಗುವಾಗ ಮುಖದಲ್ಲಿ ಖುಷಿನೇ ಇರಲ್ಲ. ಅಲ್ಲಿ ನೀವು ಏನ್ ಮಾಡ್ತೀರಮ್ಮ?" ಆಗ ನಾನು ಕೆಲಸದ ಗಡಿಬಿಡಿಯಲ್ಲಿದ್ದೆ. ಏನೋ ಹೇಳಿ ಫೋನ್ ಇಟ್ಟೆ. ಆದರೆ ನಿನ್ನ ಮಾತು ಇಡೀ ವಾರ ನನ್ನ ತಲೆಯಲ್ಲೇ ಇತ್ತು.

ಇಲ್ಲಿ ನಾವು ಊರು ತೋರಿಸುವ ಪ್ರವಾಸಿಗಳ ಕಥೆಯೂ ಅದೇ. ಅಲ್ಫಾಮಾ ಅಂತ ಹಳೇ ಬಡಾವಣೆ ಇದೆ. ಅದರ ಬುಡದಲ್ಲೇ ಟೇಗಸ್ ನದಿ. ಪ್ರವಾಸಿಗಳನ್ನು ಹೊತ್ತ ಕ್ರೂಸ್ ಹಡಗುಗಳು ಬೆಳಗ್ಗೆ ಬಂದು ನಿಲ್ಲುತ್ತವೆ, ಸಂಜೆ ಹೊರಡುತ್ತವೆ. ಬ್ರೆಜಿಲ್‌ಗೋ ಅಮೆರಿಕಕ್ಕೋ ಹೋಗುವ ವಿಮಾನದವರು ದಾರಿಯಲ್ಲಿ ಇಲ್ಲಿ ಒಂದೆರಡು ದಿನ ತಂಗಿ ಹೋಗುವುದೂ ಉಂಟು. ಹಾಗೆ ಬಂದವರನ್ನು ನಾವು ಒಂದು ಸಲಕ್ಕೆ ಒಂದೇ ಮನೆಯವರಂತೆ ಕರೆದುಕೊಂಡು ಹೋಗುತ್ತೇವೆ. ಬಸ್ಸಿಲ್ಲ, ಬಾವುಟ ಹಿಡಿದು ಮುಂದೆ ಓಡುವುದಿಲ್ಲ.

ಮೊದಲ ತಿಂಗಳು ನಾನೊಂದು ತಪ್ಪು ಮಾಡಿದೆ. ಅದನ್ನು ನಿನಗೆ ಹೇಳಿರಲಿಲ್ಲ. ಗಂಡ, ಹೆಂಡತಿ, ಆರು ವರ್ಷದ ಮಗ. ಅವರಿಗಾಗಿ ಒಂದೇ ದಿನಕ್ಕೆ ಎಂಟು ಜಾಗದ ಪಟ್ಟಿ ಮಾಡಿದ್ದೆ. ಕೋಟೆ, ಚರ್ಚು, ಹಳದಿ ಟ್ರಾಮು, ಎಲ್ಲ. ಕೊನೆಗೆ ಬೆಲೆಂ ಕಡೆ ಹೋದೆವು. ಅಲ್ಲಿ ಜೆರೋನಿಮುಸ್ ಮಠ ಇದೆ. 1501ರ ಸುಮಾರಿಗೆ ಕಟ್ಟಲು ಶುರು ಮಾಡಿದ್ದು. ವಾಸ್ಕೋ ಡ ಗಾಮನ ಸಮಾಧಿ ಇರುವುದು ಅದರ ಚರ್ಚಿನಲ್ಲೇ. ಆ ಮಠ ಸೋಮವಾರ ಮುಚ್ಚಿರುತ್ತದೆ. ನಾವು ಹೋದದ್ದು ಸೋಮವಾರ. ಬಾಗಿಲ ಮುಂದೆ ನಿಂತಾಗಲೇ ನನಗೆ ಗೊತ್ತಾದದ್ದು. ದೊಡ್ಡವರು ಏನೂ ಅನ್ನಲಿಲ್ಲ. ಮಗು ಮಾತ್ರ ಅಮ್ಮನ ಕೈ ಎಳೆದು, "ಇನ್ನೂ ಎಷ್ಟು ಜಾಗ ಬಾಕಿ ಇದೆ?" ಅಂತ ಕೇಳಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವತ್ತಿನಿಂದ ನಾನು ಎರಡು ದಿನ ಮೊದಲೇ ಫೋನ್ ಮಾಡಿ ಮಾತಾಡುತ್ತೇನೆ. "ಏನು ನೋಡಬೇಕು?" ಅಂತ ಕೇಳುವುದಿಲ್ಲ. ಹಾಗೆ ಕೇಳಿದರೆ ಎಲ್ಲರೂ ಇಂಟರ್ನೆಟ್ಟಿನಲ್ಲಿ ಕಂಡ ಅದೇ ನಾಲ್ಕು ಹೆಸರು ಹೇಳುತ್ತಾರೆ. ಏನು ಕೆಲಸ ಮಾಡುತ್ತೀರಿ, ರಜೆ ಸಿಕ್ಕಿದರೆ ಮನೆಯಲ್ಲಿ ಏನು ಮಾಡುತ್ತೀರಿ, ಮೆಟ್ಟಿಲು ಹತ್ತಲು ಕಷ್ಟವಾ, ಊಟ ಎಷ್ಟು ಹೊತ್ತಿಗೆ, ಹೀಗೆ ಕೇಳುತ್ತೇನೆ. ನಮ್ಮ ಮನೆಗೆ ನೆಂಟರು ಬರುತ್ತಾರೆ ಅಂದರೆ ಅವ್ವ ಮೊದಲು ಏನು ಕೇಳುತ್ತಾಳೋ ಅದನ್ನೇ.

ಹೋದ ತಿಂಗಳು ಕೆನಡಾದಿಂದ ಬಂದ ಒಂದು ದಂಪತಿ ಇದ್ದರು. ಅಪ್ಪ ಅವ್ವನ ವಯಸ್ಸು. ಹಡಗು ನಿಲ್ಲುವುದು ಏಳು ಗಂಟೆ. ಆ ಅಮ್ಮನಿಗೆ ಮಂಡಿ ನೋವು. ಲಿಸ್ಬನ್ ಅಂದರೆ ಬರೀ ಏರು, ಇಳಿಜಾರು. ನೆಲಕ್ಕೆ ಸಣ್ಣ ಸಣ್ಣ ಬಿಳಿ ಕಲ್ಲು ಹಾಸಿರುತ್ತಾರೆ, ಜಾರುತ್ತದೆ. ಅವರ ಗಂಡ ಬಡಗಿ ಕೆಲಸ ಮಾಡಿ ನಿವೃತ್ತರಾದವರು. ಇಷ್ಟು ಗೊತ್ತಾದ ಮೇಲೆ ಕೋಟೆ ಬಿಟ್ಟೆ, ಟ್ರಾಮೂ ಬಿಟ್ಟೆ. ಒಂದು ಟುಕ್‌ಟುಕ್ ಹೇಳಿದೆ. ನಮ್ಮ ಆಟೋನೇ ಕಣಣ್ಣ, ಇಲ್ಲಿ ಪ್ರವಾಸಿಗಳನ್ನು ಕೂರಿಸಿಕೊಂಡು ಊರು ಸುತ್ತುತ್ತದೆ.

ಅವರನ್ನು ಮೊದಲು ಬೈಷಾ ಅನ್ನುವ ಪೇಟೆ ಭಾಗಕ್ಕೆ ಕರೆದುಕೊಂಡು ಹೋದೆ. 1755ರ ನವೆಂಬರ್ 1ರಂದು ಇಲ್ಲಿ ದೊಡ್ಡ ಭೂಕಂಪ ಆಯಿತು. ಅವತ್ತು ಇವರ ಹಬ್ಬ. ಜನ ಚರ್ಚುಗಳಲ್ಲಿದ್ದರು, ದೀಪ ಹಚ್ಚಿದ್ದರು. ಕಟ್ಟಡ ಬಿತ್ತು, ಬೆಂಕಿ ಹತ್ತಿತು, ಆಮೇಲೆ ನೀರು ನುಗ್ಗಿತು. ಊರನ್ನು ಮತ್ತೆ ಕಟ್ಟುವಾಗ ಗೋಡೆಯ ಒಳಗೆ ಮರದ ಚೌಕಟ್ಟು ಇಟ್ಟರು. ಅಡ್ಡ, ಉದ್ದ, ಓರೆ, ಎಲ್ಲ ಸೇರಿ ಪಂಜರದ ಹಾಗೆ. ನೆಲ ಅಲುಗಿದರೆ ಮರ ಸ್ವಲ್ಪ ಬಾಗುತ್ತದೆ, ಮನೆ ನಿಲ್ಲುತ್ತದೆ. ಒಂದು ಕಡೆ ಗೋಡೆ ಬಿಚ್ಚಿ ಆ ಮರವನ್ನು ತೋರಿಸಿದ್ದಾರೆ. ಆ ಯಜಮಾನರು ಅದರ ಮುಂದೆ ಕೂತೇಬಿಟ್ಟರು. ಯಾವ ಕಡೆಯಿಂದ ಕೊರೆದು ಎಲ್ಲಿ ಕೂಡಿಸಿದ್ದಾರೆ ಎಂದು ಅವರೇ ನನಗೆ ವಿವರಿಸಿದರು. ಆ ಜಾಗಕ್ಕೆ ನಾನು ಎಷ್ಟೋ ಸಲ ಹೋಗಿದ್ದೆ. ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ.

ಆಮೇಲೆ ಟೈಲ್ ಬರೆಯುವ ಮನೆ. ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಇದೇ. ಈ ಊರಿನ ಮನೆಗಳ ಹೊರಗೋಡೆಗೆಲ್ಲ ಬಣ್ಣದ ಟೈಲ್. ಅದಕ್ಕೆ ಅಜುಲೇಜು ಅನ್ನುತ್ತಾರೆ. ಅರಬ್ಬಿ ಭಾಷೆಯಿಂದ ಬಂದ ಮಾತು, ನುಣುಪು ಮಾಡಿದ ಸಣ್ಣ ಕಲ್ಲು ಅಂತ ಅರ್ಥ. ನಾವು ಹೋಗುವ ಮನೆಯಲ್ಲಿ ತಾಯಿ, ಮಗಳು ಇಬ್ಬರೇ ಕೆಲಸ ಮಾಡುತ್ತಾರೆ. ಒಂದು ಸಲ ಸುಟ್ಟ ಮಣ್ಣಿನ ಬಿಲ್ಲೆಯ ಮೇಲೆ ಬಿಳಿ ಬಣ್ಣದ ಲೇಪ ಹಾಕಿ ಒಣಗಿಸಿ ಇಟ್ಟಿರುತ್ತಾರೆ. ಚಿತ್ರವನ್ನು ಕಾಗದದಲ್ಲಿ ಬರೆದು ಸೂಜಿಯಿಂದ ತೂತು ಮಾಡಿ, ಬಿಲ್ಲೆಯ ಮೇಲಿಟ್ಟು ಇದ್ದಿಲ ಪುಡಿಯ ಗಂಟಿನಿಂದ ತಟ್ಟುತ್ತಾರೆ. ಅತ್ತಿಗೆ ಹಬ್ಬಕ್ಕೆ ತೂತಿನ ಅಚ್ಚಿಟ್ಟು ರಂಗೋಲಿ ಪುಡಿ ಉದುರಿಸುತ್ತಾರಲ್ಲ, ಥೇಟ್ ಅದೇ. ಆ ಚುಕ್ಕಿಗಳ ಮೇಲೆ ಕುಂಚ ಎಳೆಯಬೇಕು. ಲೇಪ ಬಣ್ಣವನ್ನು ತಕ್ಷಣ ಕುಡಿದುಬಿಡುತ್ತದೆ. ತಪ್ಪಿದರೆ ಅಳಿಸಲು ಬರುವುದಿಲ್ಲ. ಬಳಿಯುವಾಗ ಬಣ್ಣ ಬೂದಿಯ ಹಾಗೆ ಮಂಕಾಗಿರುತ್ತದೆ. ಗೂಡಿನಲ್ಲಿ ಸುಮಾರು 1000 ಡಿಗ್ರಿಯಲ್ಲಿ ಸುಟ್ಟ ಮೇಲೆ ಕಡು ನೀಲಿ ಆಗುತ್ತದೆ.

ಆ ಅಮ್ಮ ಎರಡು ಗಂಟೆ ಕೂತು ಒಂದು ಹಕ್ಕಿ ಬರೆದರು. ಕಾಲಿಗೆ ವಿಶ್ರಾಂತಿ, ಕೈಗೆ ಕೆಲಸ. ಗೂಡು ಕಾದು, ಸುಟ್ಟು, ತಣ್ಣಗಾಗಲು ದಿನವಿಡೀ ಬೇಕು. ಹಡಗಿನವರಿಗೆ ಅಷ್ಟು ಪುರುಸೊತ್ತಿಲ್ಲ. ಹಾಗಾಗಿ ಟೈಲನ್ನು ನಾನೇ ಅಂಚೆಗೆ ಹಾಕುತ್ತೇನೆ. ಅವರಿಗೆ ತಲುಪಿದ ದಿನ ಫೋನ್ ಮಾಡಿ ಅತ್ತರು. ಬೂದಿ ಬಣ್ಣದಲ್ಲಿ ಬಿಟ್ಟು ಹೋದ ಹಕ್ಕಿ ನೀಲಿಯಾಗಿ ಮನೆಗೆ ಬಂದಿತ್ತು. ಅವರು ಈ ಊರಿನಲ್ಲಿ ನೋಡಿದ್ದು ಮೂರೇ ಜಾಗ.

ಮೂರನೆಯದು ಊಟದ ಮನೆ. ಅಲ್ಲಿ ನಾನು ನಮ್ಮ ಊರಿನ ಮಾತು ತೆಗೆಯುತ್ತೇನೆ. ಮೆಣಸಿನಕಾಯಿ, ಗೋಡಂಬಿ ನಮ್ಮ ದೇಶಕ್ಕೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲೇ. ಅವರು ಬಾರದಿದ್ದರೆ ಅವ್ವನ ಬಸ್ಸಾರು ಬೇರೆ ಥರ ಇರುತ್ತಿತ್ತು. ಅನಾನಸ್, ಪಾದ್ರಿ, ಚಾವಿ, ಇವೆಲ್ಲ ಇವರ ಮಾತುಗಳೇ. ಆಲೂಗಡ್ಡೆಗೆ ಇವರು ಬಟಾಟ ಅನ್ನುತ್ತಾರೆ, ನಮ್ಮ ಕರಾವಳಿಯವರು ಬಟಾಟೆ ಅನ್ನುವುದಿಲ್ಲವೇ, ಅದೇ.

ಈಗ ನಿನ್ನ ವಿಷಯ. ಶ್ರವಣಬೆಳಗೊಳವನ್ನು ಒಂದೇ ದಿನದವರಿಗೆ ಸೇರಿಸಬೇಡ. ಹಳೇಬೀಡಿನಿಂದ 80 ಕಿಲೋಮೀಟರ್ ಹತ್ತಿರ. ಬೆಟ್ಟಕ್ಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ. ಅಲ್ಲಿಗೇ ಹೋಗಬೇಕು ಅನ್ನುವವರಿಗೆ ಬೆಳಗಿನ ಜಾವವೇ ಅದೊಂದನ್ನೇ ತೋರಿಸು. ಉಳಿದವರಿಗೆ ಬೇಲೂರು, ಹಳೇಬೀಡು ಸಾಕು. ನಡುವೆ 16 ಕಿಲೋಮೀಟರ್ ಅಷ್ಟೆ. ಜನ ತೀರಾ ಕಡಿಮೆ ಇರುವ ಕಡೆ ಕೂರಬೇಕು ಅನ್ನುವವರಿದ್ದರೆ ದೊಡ್ಡಗದ್ದವಳ್ಳಿಗೆ ಕರೆದುಕೊಂಡು ಹೋಗು. ಆ ಲಕ್ಷ್ಮೀ ದೇವಸ್ಥಾನ ಬೇಲೂರಿಗಿಂತ ಹಳೆಯದು, 1113ರ ಸುಮಾರಿನದು. ಪಕ್ಕದಲ್ಲಿ ಕೆರೆ. ಚಿಕ್ಕವರಿದ್ದಾಗ ಅಲ್ಲಿ ಬುತ್ತಿ ಬಿಚ್ಚಿ ಉಂಡಿದ್ದು ನೆನಪಿದೆಯಾ?

ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಜನ ಬರುತ್ತಲೇ ಇರುತ್ತಾರೆ. ಬೇಲೂರಿನಲ್ಲಿ ಎಲ್ಲರೂ ಶಿಲಾಬಾಲಿಕೆಯರ ಫೋಟೋ ತೆಗೆಯುತ್ತಾರೆ. ನೀನು ಕೆತ್ತಿದವರ ಹೆಸರಿನಿಂದ ಶುರು ಮಾಡು. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಇಬ್ಬರೂ ಅಲ್ಲಿ ಕೆಲಸ ಮಾಡಿದವರು. ಶಿಲ್ಪಿಗಳು ವಿಗ್ರಹದ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. 1117ರ ದೇವಸ್ಥಾನ, ಆದರೂ ಕೆಲಸಗಾರನ ಹೆಸರು ಇವತ್ತಿಗೂ ಓದಬಹುದು. ಇದಕ್ಕಿಂತ ದೊಡ್ಡ ವಿಷಯ ಇನ್ನೇನು ಬೇಕು ಹೇಳು. ಅದನ್ನು ಓದಿ ಹೇಳಲು ಅಲ್ಲಿನ ಗೈಡ್ ಒಬ್ಬರನ್ನು ಜೊತೆ ಮಾಡಿಕೋ. ಅವರ ಕೆಲಸ ನೀನು ಮಾಡಬೇಡ, ಅವರ ದುಡ್ಡು ಅವರಿಗೆ ಸೇರಲಿ.

ಆಮೇಲೆ ಒಂದು ತುಂಡು ಬಳಪದ ಕಲ್ಲು, ಒಂದು ಉಳಿ, ಸುತ್ತಿಗೆ. ಕಲ್ಲು ಕೆಲಸ ಗೊತ್ತಿರುವ ಒಬ್ಬರ ಹತ್ತಿರ ಒಂದು ಗಂಟೆ ಕೂರಿಸು. ಆ ಕಲ್ಲು ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಇದನ್ನು ಬಾಯಲ್ಲಿ ಹೇಳುವುದು ಬೇರೆ, ಕೈಗೆ ಉಳಿ ಕೊಡುವುದು ಬೇರೆ. ಒಂದು ಎಲೆ ಕೆತ್ತಲು ನೋಡಿದವರು ಆಮೇಲೆ ಹಳೇಬೀಡಿನ ಗೋಡೆ ಮುಂದೆ ನಿಂತರೆ, ನೀನು ಮಾತೇ ಆಡಬೇಕಾಗಿಲ್ಲ.

ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ ಆಗಬಹುದಲ್ವಾ? ಅವ್ವ, ಅತ್ತಿಗೆ ಒಪ್ಪಿದರೆ ಮಾತ್ರ. ವಾರಕ್ಕೆ ಎರಡು ದಿನಕ್ಕಿಂತ ಜಾಸ್ತಿ ಬೇಡ. ಅಕ್ಕಿ ರೊಟ್ಟಿ ತಟ್ಟಲು ಬಂದವರ ಕೈಗೂ ಒಂದು ಉಂಡೆ ಹಿಟ್ಟು ಕೊಡಲಿ. ಕಾಫಿ ಬೀಜ ಹುರಿದು ಪುಡಿ ಮಾಡಿ ಫಿಲ್ಟರಿಗೆ ಹಾಕುವುದನ್ನೂ ತೋರಿಸಲಿ. ಆ ದುಡ್ಡು ನಿನ್ನ ಕಾರಿನ ಬಾಡಿಗೆ ಜೊತೆ ಸೇರಬಾರದು. ಅವರಿಬ್ಬರ ಕೈಗೇ ಹೋಗಬೇಕು. ಇದರಲ್ಲಿ ನಾನು ಹಟ ಮಾಡುತ್ತೇನೆ.

ಇನ್ನೆರಡು ಮಾತು. ಅಂಗಡಿಯವರ ಕಮಿಷನ್‌ಗೆ ಕೈ ಒಡ್ಡಬೇಡ. ಒಂದು ಸಲ ತೆಗೆದುಕೊಂಡರೆ ಬಂದವರ ಹೊತ್ತು ಅಂಗಡಿಯಲ್ಲೇ ಕಳೆಯುತ್ತದೆ. ಮತ್ತೆ, ಊರಿನ ಬೀದಿಗೆ ಜನ ಕರೆದುಕೊಂಡು ಹೋಗುವಾಗ ಆ ಬೀದಿಯವರನ್ನು ಕೇಳು. ಅಲ್ಫಾಮಾದಲ್ಲಿ ಎಷ್ಟೋ ಮನೆ ಪ್ರವಾಸಿಗಳ ಬಾಡಿಗೆಗೆ ಹೋಗಿವೆ. ಹಳಬರು ಊರ ಹೊರಗೆ ಹೋಗಿದ್ದಾರೆ. ಅದನ್ನು ನೋಡಿದಾಗಲೆಲ್ಲ ನನ್ನ ಕೆಲಸದ ಬಗ್ಗೆ ನನಗೆ ಸಂಕಟ ಆಗುತ್ತದೆ. ನಾವು ಆ ಬೀದಿಗಳಿಗೆ ನಾಲ್ಕು ಜನಕ್ಕಿಂತ ಹೆಚ್ಚು ಕರೆದುಕೊಂಡು ಹೋಗುವುದಿಲ್ಲ, ಜೋರಾಗಿ ಮಾತಾಡುವುದಿಲ್ಲ.

ಮೊನ್ನೆ ಇಲ್ಲಿ ಸಂತ ಅಂತೋನಿಯ ಹಬ್ಬ ಆಯಿತು. ಬೀದಿ ತುಂಬ ಹೊಗೆ, ಮೀನು ಸುಡುವ ವಾಸನೆ, ಹಾಡು. ಮನೆ ಮುಂದೆಲ್ಲ ಪುಟ್ಟ ಕುಂಡಗಳು. ಅದರಲ್ಲಿ ನಮ್ಮ ಕಾಮಕಸ್ತೂರಿಯ ಜಾತಿಯದೇ ಸಣ್ಣೆಲೆಯ ಗಿಡ. ಅದಕ್ಕೆ ಮೂಗು ತಾಗಿಸಬಾರದಂತೆ. ಅಂಗೈಯಿಂದ ಸವರಿ ಕೈ ಮೂಸಬೇಕು. ಹಾಗೆ ಮೂಸಿದ ತಕ್ಷಣ ನಮ್ಮ ಹಿತ್ತಿಲು ಕಣ್ಣಿಗೆ ಬಂತು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ನಾನೂ ಒಂದು ಟೈಲ್ ಬರೆದಿದ್ದೇನೆ. ಹಳೇಬೀಡಿನ ಗೋಡೆಯಲ್ಲಿ ಹಂಸಗಳ ಸಾಲಿದೆಯಲ್ಲ, ಅದರಲ್ಲಿ ಒಂದು ಹಂಸ. ಬುಧವಾರ ಗೂಡಿಗೆ ಹೋಗುತ್ತದೆ. ಅಂಗೈಗಿಂತ ಸ್ವಲ್ಪ ದೊಡ್ಡದು, 14 ಸೆಂಟಿಮೀಟರ್ ಚೌಕ. ಅಡುಗೆಮನೆ ಕಿಟಕಿ ಕೆಳಗೆ ಜಾಗ ಇದೆಯಾ ಅಳೆದು ಬರೆ.

ಅವ್ವ ಏನಂದಳು ಅನ್ನುವುದನ್ನೂ ಮರೆಯದೆ ಬರೆ.

ನಿನ್ನ ಪ್ರೀತಿಯ ತಂಗಿ