ಒಂದು ಗುಂಡು ಮತ್ತು ತಡವಾದ ಉತ್ತರ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿದ್ದ ರೀವ್ಸ್ ಪೀಠೋಪಕರಣದ ಅಂಗಡಿ 2011ರ ಗಲಭೆಯಲ್ಲಿ ಏಕೆ ಸುಟ್ಟುಹೋಯಿತೆಂದು ನೀನು ಕೇಳಿದ್ದಕ್ಕೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ಮನಸ್ಸಾಗಲಿಲ್ಲ.

2011ರ ಆಗಸ್ಟ್ 4ರ ಸಂಜೆ ಉತ್ತರ ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ ಪೊಲೀಸರು ಬಾಡಿಗೆ ಕಾರೊಂದನ್ನು ತಡೆದು, ಅದರಲ್ಲಿದ್ದ ಮಾರ್ಕ್ ಡಗನ್ ಎಂಬ 29 ವರ್ಷದ ಯುವಕನನ್ನು ಗುಂಡಿಕ್ಕಿ ಕೊಂದರು. ಅವನ ಬಳಿ ಬಂದೂಕಿದೆಯೆಂಬ ಮಾಹಿತಿ ಅವರಿಗಿತ್ತು. ಎರಡೂ ಕಡೆಯಿಂದ ಗುಂಡು ಹಾರಿತೆಂಬ ಭಾವನೆ ಬರುವಂತೆ, ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸುವ ತನಿಖಾ ಆಯೋಗವೇ ಮೊದಲು ಪತ್ರಕರ್ತರಿಗೆ ತಿಳಿಸಿತು. ಪೊಲೀಸನೊಬ್ಬನ ರೇಡಿಯೊದಲ್ಲಿ ಸಿಕ್ಕಿದ್ದ ಗುಂಡು ಪೊಲೀಸರದ್ದೇ ಎಂಬುದು ಆಮೇಲೆ ಹೊರಬಂತು. ಶನಿವಾರ ಅವನ ಮನೆಯವರು, ನೆರೆಹೊರೆಯವರು ಬ್ರಾಡ್‌ವಾಟರ್ ಫಾರ್ಮ್ ವಸತಿಯಿಂದ ಠಾಣೆಯವರೆಗೆ ನಡೆದುಹೋಗಿ, ಹಿರಿಯ ಅಧಿಕಾರಿಯೊಬ್ಬರು ಹೊರಗೆ ಬಂದು ಮಾತನಾಡಲಿ ಎಂದು ಗಂಟೆಗಟ್ಟಲೆ ಕಾದರು. ಅವರು ಕೇಳಿದ್ದು ಅಷ್ಟೇ. 1985ರಲ್ಲಿ, ಹತ್ತಿರದ ಮನೆಯೊಂದನ್ನು ಪೊಲೀಸರು ಶೋಧಿಸುತ್ತಿದ್ದಾಗ ಮಹಿಳೆಯೊಬ್ಬರು ಸತ್ತು, ಮರುದಿನ ಅದೇ ವಸತಿಯಲ್ಲಿ ನಡೆದ ಗಲಭೆಯಲ್ಲಿ ಒಬ್ಬ ಪೊಲೀಸನ ಕೊಲೆಯಾಗಿತ್ತು. ಅದನ್ನು ಕಣ್ಣಾರೆ ಕಂಡ ಹಿರಿಯರು ಅಲ್ಲಿ ಇನ್ನೂ ಇದ್ದರು. ಕತ್ತಲಾಗುವ ಹೊತ್ತಿಗೆ ಪೊಲೀಸ್ ಕಾರುಗಳು ಉರಿಯತೊಡಗಿದವು.

ಅಲ್ಲಿಂದ ಮುಂದಿನದನ್ನು ನಾನು ಪ್ರತಿಭಟನೆ ಎನ್ನಲಾರೆ. ಟಾಟನ್‌ಹ್ಯಾಮ್‌ನ ಜಮಖಾನೆಯ ಅಂಗಡಿಯೊಂದಕ್ಕೆ ಬೆಂಕಿ ಬಿದ್ದಾಗ ಅದರ ಮೇಲಿನ ಮನೆಗಳಲ್ಲಿದ್ದವರು ಉಟ್ಟ ಬಟ್ಟೆಯಲ್ಲಿ ಬೀದಿಗೆ ಬಂದರು. ಗಲಭೆ ಬೇರೆ ಕಡೆಗಳಿಗೂ ಹಬ್ಬಿತು. ಸೋಮವಾರ ರಾತ್ರಿ, 1867ರಿಂದ ಒಂದೇ ಕುಟುಂಬ ನಡೆಸಿಕೊಂಡು ಬಂದಿದ್ದ ರೀವ್ಸ್ ಅಂಗಡಿಯ ಒಂದು ಕಟ್ಟಡ, ಟ್ರಾಮ್ ಹಳಿಗಳ ಪಕ್ಕದಲ್ಲೇ, ಬೆಂಕಿಗೆ ಆಹುತಿಯಾಯಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ತಮ್ಮ ಬೀದಿಯ ಅಂಗಡಿಗಳನ್ನು ಕಾಯುತ್ತಿದ್ದ ಮೂವರು ಯುವಕರು ಕಾರು ಹರಿದು ಸತ್ತರು. ಅವರಲ್ಲೊಬ್ಬನ ತಂದೆ ಮರುದಿನವೇ ಜನರೆದುರು ನಿಂತು, ಸೇಡು ಬೇಡ, ಮನೆಗೆ ಹೋಗಿ ಎಂದು ಬೇಡಿಕೊಂಡರು. ಆ ಮಾತನ್ನು ಟಿವಿಯಲ್ಲಿ ಕೇಳುತ್ತಾ ನಾನು ನಿನ್ನನ್ನು ಮಡಿಲಿನಿಂದ ಇಳಿಸಲೇ ಇಲ್ಲ.

ನನ್ನನ್ನು ಇಂದಿಗೂ ಕಾಡುವುದು ನ್ಯಾಯದ ಎರಡು ವೇಗಗಳು. ನ್ಯಾಯಾಲಯಗಳು ರಾತ್ರಿಯಿಡೀ ಕುಳಿತವು. ಮೂರೂವರೆ ಪೌಂಡ್ ಬೆಲೆಯ ನೀರಿನ ಬಾಟಲಿಗಳನ್ನು ಕದ್ದ ವಿದ್ಯಾರ್ಥಿಯೊಬ್ಬನಿಗೆ ಕೆಲವೇ ದಿನಗಳಲ್ಲಿ ಆರು ತಿಂಗಳ ಸೆರೆವಾಸವಾಯಿತು. ಡಗನ್ ಸಾವಿನ ಕಾರಣದ ವಿಚಾರಣೆಯಲ್ಲಿ ಜ್ಯೂರಿಯ, ಅಂದರೆ ಸಾಮಾನ್ಯ ನಾಗರಿಕರ ಮಂಡಳಿಯ, ನಿರ್ಣಯ ಬಂದದ್ದು 2014ರ ಜನವರಿಯಲ್ಲಿ. ಗುಂಡು ತಗುಲಿದಾಗ ಅವನ ಕೈಯಲ್ಲಿ ಬಂದೂಕಿರಲಿಲ್ಲವೆಂದು ಬಹುಮತದಿಂದ ಹೇಳಿದ ಅದೇ ಜ್ಯೂರಿ, ಆ ಹತ್ಯೆ ಕಾನೂನುಬದ್ಧವೆಂದೂ 8–2ರಿಂದ ತೀರ್ಮಾನಿಸಿತು. ಗುಂಡು ಹಾರಿಸಿದವನು ತನ್ನ ಜೀವಕ್ಕೆ ಅಪಾಯವಿದೆಯೆಂದು ಪ್ರಾಮಾಣಿಕವಾಗಿ ನಂಬಿದ್ದನೇ ಎಂಬುದನ್ನು ಕಾನೂನು ಕೇಳುತ್ತದಂತೆ. ನೀನೀಗ ಕಾನೂನು ಓದುತ್ತಿರುವೆ. ಜ್ಯೂರಿಯ ಮುಂದಿಟ್ಟ ಪ್ರಶ್ನೆಗಳನ್ನೂ ಅವರ ಉತ್ತರಗಳನ್ನೂ ಪೂರ್ತಿ ಓದಿ, ಆ ಕುಟುಂಬಕ್ಕೆ ಇದನ್ನು ಹೇಗೆ ವಿವರಿಸುತ್ತಿದ್ದೆ ಎಂದು ನನಗೆ ಬರೆ.

ನಿನ್ನ ಅಮ್ಮ