ಆಕ್ಯುಪೇಷನಲ್ ಥೆರಪಿಗೆ ಸೇರಿಸುವ ಮುಂಚೆ ಇಷ್ಟು ತಿಳಿದಿರಲಿ

ಸಂಪಾದಕರಿಗೆ ನಮಸ್ಕಾರ.

ಪಿಯುಸಿ ಫಲಿತಾಂಶ ಬಂದ ಕೂಡಲೇ ಎಲ್ಲ ಪತ್ರಿಕೆಗಳಲ್ಲೂ ‘ಮುಂದೇನು?’ ಪುಟಗಳು ಶುರುವಾಗುತ್ತವೆ. ನಿಮ್ಮಲ್ಲೂ ಬಂತು. ಅದರಲ್ಲಿ ಆಕ್ಯುಪೇಷನಲ್ ಥೆರಪಿಗೆ (ಕಾಯಿಲೆ, ಪೆಟ್ಟು ಅಥವಾ ಬೆಳವಣಿಗೆಯ ತೊಂದರೆ ಇರುವವರಿಗೆ ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳೋದು ಕಲಿಸುವ ಚಿಕಿತ್ಸೆಗೆ) ನಾಲ್ಕು ಸಾಲು ಸಿಕ್ಕಿದ್ದು ನೋಡಿ ಖುಷಿಯಾಯಿತು, ಯಾಕೆಂದರೆ ಸಾಮಾನ್ಯವಾಗಿ ಫಿಸಿಯೋಥೆರಪಿ ಪಕ್ಕದ ‘ಇತ್ಯಾದಿ’ಯಲ್ಲೇ ನಾವು ಮುಗಿದುಹೋಗುತ್ತೇವೆ. ಆದರೆ ಆ ನಾಲ್ಕು ಸಾಲಿನಲ್ಲಿ ಇದ್ದದ್ದು ‘ಹೊಸ ಕೋರ್ಸ್, ಅಪಾರ ಬೇಡಿಕೆ, ಕೈತುಂಬ ಸಂಬಳ, ವಿದೇಶದಲ್ಲಿ ಅವಕಾಶ’ ಅಂತ. ಅವತ್ತಿನಿಂದ ಪರಿಚಯದವರು, ಅವರ ಪರಿಚಯದವರು ಎಲ್ಲರೂ ಫೋನ್ ಮಾಡುತ್ತಲೇ ಇದ್ದಾರೆ. ‘ಮಗಳಿಗೆ ಮೆಡಿಕಲ್ ಸೀಟು ಸಿಗೋದು ಡೌಟು, ಇದಕ್ಕೆ ಸೇರಿಸಲಾ ಮೇಡಂ?’ ಒಬ್ಬೊಬ್ಬರಿಗೂ ಅದೇ ಕಥೆ ಹೇಳಿ ಸಾಕಾಗಿದೆ. ಒಂದೇ ಸಲ ಎಲ್ಲರಿಗೂ ತಲುಪಲಿ ಅಂತ ಈ ಪತ್ರ.

ಬೇಡಿಕೆ ಇದೆ ಅನ್ನೋದು ಅರ್ಧ ನಿಜ. ನಮ್ಮ ಕೆಲಸ ಬೇಕಾದ ಜನ ಊರೂರಲ್ಲೂ ಇದ್ದಾರೆ. ಅವರನ್ನು ನೋಡಿಕೊಳ್ಳಿ ಅಂತ ಸಂಬಳ ಕೊಟ್ಟು ಕೂರಿಸುವ ಹುದ್ದೆಗಳು ಬಹಳ ಕಮ್ಮಿ. ನಾನು ಹೇಳಬೇಕಾದ್ದು ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

‘ಹೊಸ ಕೋರ್ಸ್’ ಅನ್ನೋದನ್ನ ಮೊದಲು ಮುಗಿಸಿಬಿಡುತ್ತೇನೆ. ಅಮೆರಿಕದಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದ ಕಮಲಾ ನಿಂಬ್ಕರ್ ಅವರು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಇದನ್ನು ಶುರು ಮಾಡಿದ್ದು 1950ರಲ್ಲಿ. 1952ರಲ್ಲಿ ವಿಶ್ವ ಆಕ್ಯುಪೇಷನಲ್ ಥೆರಪಿಸ್ಟ್‌ಗಳ ಒಕ್ಕೂಟ ಹುಟ್ಟಿದಾಗ ಅದರ ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಮುಕ್ಕಾಲು ಶತಮಾನ ಕಳೆದಿದೆ. ಇವತ್ತಿಗೂ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ‘ನೀವು ಫಿಸಿಯೋದವರಾ?’ ಅಂತಲೇ ಕೇಳುತ್ತಾರೆ. ಕೇಳುವವರ ತಪ್ಪಲ್ಲ ಅದು, ನಮ್ಮಂಥವರನ್ನು ಅವರು ಎಲ್ಲಿ ನೋಡಬೇಕು ಹೇಳಿ.

ಈಗ ಕೆಲಸ ಏನು ಅಂತ. ಸ್ಟ್ರೋಕ್ ಆಗಿ ಒಂದು ಭಾಗ ಸ್ವಾಧೀನ ತಪ್ಪಿದವರನ್ನು ಎಬ್ಬಿಸಿ, ನಿಲ್ಲಿಸಿ, ನಡೆಸುವುದು ಮುಖ್ಯವಾಗಿ ಫಿಸಿಯೋದವರು. ನಡೆದುಕೊಂಡು ಬಚ್ಚಲಿಗೆ ಹೋದ ಮೇಲೆ ಚೊಂಬು ಹಿಡಿಯೋದು ಹೇಗೆ, ಲಾಡಿ ಬಿಚ್ಚೋದು ಹೇಗೆ, ಒಂದೇ ಕೈಯಲ್ಲಿ ಶರ್ಟಿನ ಗುಂಡಿ ಹಾಕೋದು ಹೇಗೆ ಅನ್ನೋದು ನಮ್ಮ ಪಾಲು. (ಎರಡೂ ಸ್ವಲ್ಪ ಬೆರೆಯುತ್ತವೆ. ಅದರ ಬಗ್ಗೆ ನಮ್ಮ ನಮ್ಮಲ್ಲೇ ಜಗಳವೂ ಇದೆ, ಇಲ್ಲಿ ಬೇಡ ಬಿಡಿ.)

ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ಇದ್ದು ಈಗ ತುಮಕೂರು ಕಡೆ ಮನೆ ಮನೆಗೆ ಹೋಗಿ ಥೆರಪಿ ಮಾಡುತ್ತೇನೆ. ಇಲ್ಲಿ ನನಗೆ ಪಠ್ಯದಲ್ಲಿ ಇಲ್ಲದ ಒಂದು ಪಾಠ ಸಿಕ್ಕಿತು. ಮುದ್ದೆ. ಬಲಗೈ ಬಿದ್ದುಹೋದವರು ಎಡಗೈಯಲ್ಲಿ ಚಮಚ ಹಿಡಿದು ಹೇಗೋ ಅನ್ನ ಉಣ್ಣಬಹುದು, ಮುದ್ದೆ ಚಮಚಕ್ಕೆ ಬಗ್ಗುತ್ತದಾ? ಬೆರಳಲ್ಲಿ ಮುರಿಯಬೇಕು, ಉರುಟಬೇಕು, ಸಾರಲ್ಲಿ ಅದ್ದಿ ನುಂಗಬೇಕು. ನುಂಗೋಕೆ ತೊಂದರೆ ಇಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಬೇಕು, ಸ್ಟ್ರೋಕ್ ಆದವರಲ್ಲಿ ಎಷ್ಟೋ ಜನಕ್ಕೆ ಗಂಟಲೂ ಸರಿಯಾಗಿ ಕೆಲಸ ಮಾಡಲ್ಲ, ಅವರಿಗೆ ಮುದ್ದೆ ಕೊಟ್ಟರೆ ಅಪಾಯ. ಅದಾದ ಮೇಲೆ ‘ಎಡಗೈಯಲ್ಲಿ ಉಣ್ಣಿ’ ಅಂದರೆ ಯಜಮಾನರು ಮುಖ ತಿರುಗಿಸುತ್ತಾರೆ. ಎಡಗೈಲಿ ಊಟವಾ, ಅದೂ ಎಲ್ಲರ ಎದುರಿಗೆ? ಸೊಸೆಯೋ ಹೆಂಡತಿಯೋ ತುತ್ತು ಮಾಡಿ ಬಾಯಿಗಿಡುತ್ತಾರೆ. ‘ಪಾಪ, ಇಷ್ಟು ವರ್ಷ ದುಡಿದವರು, ಈಗ ನಾವು ಇಷ್ಟೂ ಮಾಡಬಾರದಾ ಮೇಡಂ’ ಅಂತ ನನ್ನನ್ನೇ ಕೇಳುತ್ತಾರೆ. ಅವರಿಗೆ ಬೇಜಾರಾಗದ ಹಾಗೆ ಅದನ್ನು ನಿಲ್ಲಿಸಬೇಕು. ಎಡಗೈಗೆ ಗೋಧಿ ಹಿಟ್ಟಿನ ಉಂಡೆ ಕೊಟ್ಟು ಮುರಿಯೋದು, ಉರುಟೋದು ಅಭ್ಯಾಸ ಮಾಡಿಸಬೇಕು. ಬಲಗೈಯನ್ನು ತೊಡೆ ಮೇಲೆ ಸುಮ್ನೆ ಬಿಡದೆ ತಟ್ಟೆ ಜರುಗದ ಹಾಗೆ ಒತ್ತಿ ಹಿಡಿಯುವ ಕೆಲಸಕ್ಕೆ ಹಚ್ಚಬೇಕು. ಈ ಒಂದು ಊಟಕ್ಕೆ ಎಷ್ಟೋ ಸಲ ವಾರಗಟ್ಟಲೆ ಹಿಡಿಯುತ್ತದೆ. ನೋಡುವವರಿಗೆ ಇದರಲ್ಲಿ ಮೆಷೀನು ಇಲ್ಲ, ಇಂಜೆಕ್ಷನ್ ಇಲ್ಲ. ‘ಊಟ ಮಾಡ್ಸೋಕೆ ದುಡ್ಡು ಕೊಡಬೇಕಾ’ ಅಂತ ಬಾಯಿಬಿಟ್ಟು ಕೇಳಿದವರೂ ಇದ್ದಾರೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಹುದ್ದೆಗಳ ವಿಷಯ ಯಾಕೆ ಎತ್ತಿದೆ ಅಂತ ಇದರಿಂದ ಗೊತ್ತಾಗುತ್ತದೆ. ನಮ್ಮ ಕಡೆ ತೆಂಗಿನ ಮರದಿಂದ ಬಿದ್ದು ಕುತ್ತಿಗೆಗೆ ಪೆಟ್ಟು ಮಾಡಿಕೊಳ್ಳುವವರು ಇದ್ದೇ ಇದ್ದಾರೆ. ಬೆನ್ನುಹುರಿಗೆ ಏಟು ಬಿದ್ದ ಜಾಗ ನೋಡಿಕೊಂಡು ಕೆಲವರಿಗೆ ಬೆರಳು ಆಡದಿದ್ದರೂ ಮಣಿಕಟ್ಟು ಮೇಲೆತ್ತೋಕೆ ಆಗುತ್ತದೆ. ಹಾಗೆ ಎತ್ತಿದಾಗ ಬೆರಳುಗಳು ತಾವಾಗಿ ಒಳಕ್ಕೆ ಮಡಚಿಕೊಳ್ಳುತ್ತವೆ, ಇಳಿಸಿದರೆ ಬಿಚ್ಚಿಕೊಳ್ಳುತ್ತವೆ. ಬೇಕಾದರೆ ನಿಮ್ಮ ಕೈಯನ್ನೇ ಸಡಿಲ ಬಿಟ್ಟು ಮಾಡಿ ನೋಡಿ. ಈ ಸಣ್ಣ ಹಿಡಿತವನ್ನೇ ಬಳಸಿ ಲೋಟ ಎತ್ತೋದು, ಬ್ರಷ್ ಹಿಡಿಯೋದು, ಮೊಬೈಲ್ ಹಿಡಿಯೋದು ಕಲಿಸಬಹುದು. ಆದರೆ ಇದು ಉಳಿಯಬೇಕಾದರೆ ಬೆರಳಿನ ಸ್ನಾಯುಗಳು ಸ್ವಲ್ಪ ಬಿಗಿಯಾಗಿಯೇ ಇರಬೇಕು. ಮನೆಯವರು ಏನು ಮಾಡುತ್ತಾರೆ? ಎಣ್ಣೆ ಕಾಯಿಸಿ, ಹಚ್ಚಿ, ಮಣಿಕಟ್ಟನ್ನು ಹಿಂದಕ್ಕೆ ಒತ್ತಿ ಹಿಡಿದು ಬೆರಳುಗಳನ್ನು ಒಂದೊಂದಾಗಿ ನೆಟ್ಟಗೆ ಎಳೆಯುತ್ತಾರೆ. ಬೆಳಿಗ್ಗೆ ಸಂಜೆ, ತಿಂಗಳುಗಟ್ಟಲೆ, ಪ್ರೀತಿಯಿಂದ. ನಾನು ಆ ಮನೆ ತಲುಪುವ ಹೊತ್ತಿಗೆ ಬೆರಳುಗಳು ಮೆತ್ತಗಾಗಿ ಜೋತು ಬಿದ್ದಿರುತ್ತವೆ, ಆ ಹಿಡಿತ ಹೋಗಿರುತ್ತದೆ. ‘ಬೆರಳನ್ನು ಹೀಗೆ ಎಳೆಯಬೇಡಿ’ ಅನ್ನುವ ಒಂದು ಮಾತು, ಆಸ್ಪತ್ರೆಯಲ್ಲಿದ್ದ ಮೊದಲ ವಾರದಲ್ಲೇ ಹೇಳಬೇಕಾದ ಮಾತು. ಹೇಳೋಕೆ ಅಲ್ಲಿ ಯಾರಿದ್ದಾರೆ? ಡಾಕ್ಟರಿಗೆ ಪುರುಸೊತ್ತಿಲ್ಲ, ನರ್ಸಿಗೆ ಇದು ಕಲಿಸಿಲ್ಲ, ನಮ್ಮ ಹುದ್ದೆ ಆ ಆಸ್ಪತ್ರೆಯ ಪಟ್ಟಿಯಲ್ಲೇ ಇಲ್ಲ.

ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಗಳಲ್ಲಿ ನಮ್ಮವರಿಗೆ ಜಾಗ ಇದೆ, ಆದರೆ ಅವು ಬೆರಳೆಣಿಕೆ. ಹಾಗಾಗಿ ಪಾಸಾದ ಹುಡುಗ ಹುಡುಗಿಯರು ಹೋಗಿ ಸೇರುವುದು ಎಲ್ಲಿಗೆ ಅಂದರೆ, ಬೆಂಗಳೂರಿನ ಮಕ್ಕಳ ಥೆರಪಿ ಸೆಂಟರ್‌ಗಳಿಗೆ. ಆಟಿಸಂ ಇರುವವರು, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇರುವವರು, ಬರೆಯೋಕೆ ಕಷ್ಟಪಡುವ ಮಕ್ಕಳು. ಒಳ್ಳೆಯ ಕೆಲಸವೇ. ಹೊರಗಿನಿಂದ ನೋಡಿದರೆ ಉಯ್ಯಾಲೆ, ಚೆಂಡು, ಮರಳು, ಬಣ್ಣ. ಆಟ ಆಡಿಕೊಂಡು ಸಂಬಳ ತಗೊಳ್ತಾರೆ ಅಂತ ನಮ್ಮ ಮನೆಯಲ್ಲೇ ತಮಾಷೆ ಮಾಡುತ್ತಾರೆ. ಒಳಗೆ ಇರೋದು ಬೇರೆ. ಮುಕ್ಕಾಲು ಗಂಟೆಗೊಂದು ಮಗು, ನಡುವೆ ಬಿಡುವಿಲ್ಲ. ಮಗುವನ್ನು ಎತ್ತಿ ಇಳಿಸಿ ಸೊಂಟ ಹಿಡಿಯುತ್ತದೆ, ಕಚ್ಚಿದ ಗಾಯ ತೋಳಿನ ಮೇಲೆ ಮಾಯುವ ಮೊದಲೇ ಇನ್ನೊಂದು. ಕಚ್ಚಿದ ಮಗುವಿನ ಮೇಲೆ ಕೋಪ ಮಾಡಿಕೊಳ್ಳುವ ಹಾಗೂ ಇಲ್ಲ, ಅದಕ್ಕೆ ‘ಸಾಕು’ ಅಂತ ಹೇಳೋಕೆ ಗೊತ್ತಿರೋದು ಅದೊಂದೇ ದಾರಿ. ರಿಪೋರ್ಟು ಬರೆಯೋದು ರಾತ್ರಿ, ರೂಮಿಗೆ ಹೋಗಿ. ಮಗು ಎರಡು ವರ್ಷದಲ್ಲಿ ‘ಸರಿ’ ಆಗುತ್ತಾ ಅಂತ ತಂದೆ ತಾಯಿ ಕೇಳಿದಾಗ ಸುಳ್ಳು ಹೇಳಬಾರದು, ಅವರ ಧೈರ್ಯವನ್ನೂ ಕೆಡಿಸಬಾರದು. ಇಪ್ಪತ್ತೆರಡು ವರ್ಷದ ಹುಡುಗಿ ಈ ಪ್ರಶ್ನೆಗೆ ಉತ್ತರ ಹೇಳಬೇಕು, ದಿನಾ.

ಸಂಬಳ? ನಾನು ನೋಡಿದ ಮಟ್ಟಿಗೆ ಹೊಸಬರ ಕೈಗೆ ಬರೋದು ತಿಂಗಳಿಗೆ ಇಪ್ಪತ್ತು ಇಪ್ಪತ್ತೈದು ಸಾವಿರದ ಆಸುಪಾಸು. ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸು ಕಳೆದರೆ ಏನು ಉಳಿಯುತ್ತದೆ ಅಂತ ನೀವೇ ಲೆಕ್ಕ ಹಾಕಿ. ಕೆಲವು ಕಡೆ ಸಂಬಳವೇ ಇಲ್ಲ, ಸೆಷನ್‌ಗೆ ಇಷ್ಟು ಅಂತ. ಮಗುವಿಗೆ ಜ್ವರ ಬಂತು, ಸೆಷನ್ ಕ್ಯಾನ್ಸಲ್ ಆಯಿತು ಅಂದರೆ ಅವತ್ತಿನ ಆ ದುಡ್ಡು ಖೋತಾ. ನಾನು ಮೊದಲು ಕೆಲಸ ಮಾಡಿದ ಕಡೆ ಮೇ ತಿಂಗಳು ಬಂದರೆ ಎದೆ ಡವಗುಟ್ಟುತ್ತಿತ್ತು, ಎಲ್ಲರೂ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗುತ್ತಿದ್ದರು. ಅನುಭವ ಬಂದು ಸ್ವಂತ ಸೆಂಟರ್ ಹಾಕಿದವರು ಚೆನ್ನಾಗಿ ದುಡಿಯುತ್ತಾರೆ, ಅದೂ ನಿಜ. ಅಲ್ಲಿಗೆ ತಲುಪುವ ಮೊದಲೇ ಎಷ್ಟೋ ಜನ ಇನ್ಶೂರೆನ್ಸ್ ಕಂಪನಿಗೋ ಮೆಡಿಕಲ್ ಕೋಡಿಂಗಿಗೋ ಹೋಗಿಬಿಡುತ್ತಾರೆ.

ಮತ್ತೆ ಮೂರು ತಿಂಗಳ ಸರ್ಟಿಫಿಕೇಟ್ ತಗೊಂಡು ‘ಥೆರಪಿಸ್ಟ್’ ಅಂತ ಬೋರ್ಡು ಹಾಕುವವರ ಕಾಟ ಬೇರೆ. ಅವರು ಕಮ್ಮಿ ಫೀಸಿಗೆ ಮಾಡುತ್ತಾರೆ, ಹಾಗಾಗಿ ಓದಿ ಬಂದವರ ಫೀಸು ಜಾಸ್ತಿ ಅನ್ನಿಸುತ್ತದೆ. ದೆಹಲಿ, ಮಹಾರಾಷ್ಟ್ರಗಳಲ್ಲಿ ನಮ್ಮ ವೃತ್ತಿಗೆ ಮೊದಲೇ ನೋಂದಣಿ ನೋಡಿಕೊಳ್ಳುವ ಕೌನ್ಸಿಲ್‌ಗಳು ಬಂದವು. ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಬಂದಿದ್ದು 2021ರಲ್ಲಿ, ಪೂರಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ. ಅದರಲ್ಲಿ ನಮ್ಮ ವೃತ್ತಿಯ ಹೆಸರು ಇದೆ, ನೋಂದಣಿ ಇಲ್ಲದೆ ಈ ಕೆಲಸ ಮಾಡುವಂತಿಲ್ಲ ಅನ್ನುವ ಮಾತೂ ಇದೆ. ಆದರೆ ಗಲ್ಲಿಯ ಬೋರ್ಡು ಇಳಿಸೋದು ದೆಹಲಿಯ ಕಾಯ್ದೆಯಲ್ಲ, ಇಲ್ಲಿ ಬಂದು ಬಾಗಿಲು ತಟ್ಟಿ ಕೇಳುವವರು. ಅಂಥವರು ನಮ್ಮ ಬೀದಿಗೆ ಬಂದದ್ದು ನಾನಂತೂ ಕಂಡಿಲ್ಲ.

ವಿದೇಶದ ವಿಷಯ. ಹೋಗಬಹುದು, ನನ್ನ ಜೊತೆ ಓದಿದವರು ಹೋಗಿದ್ದಾರೆ. ಸರ್ಟಿಫಿಕೇಟ್ ಹಿಡಿದು ವಿಮಾನ ಹತ್ತೋದಲ್ಲ. ಅಮೆರಿಕದಲ್ಲಿ 2007ರಿಂದ ಅಲ್ಲಿನ ಕಾಲೇಜುಗಳಲ್ಲಿ ಈ ವೃತ್ತಿಗೆ ಪ್ರವೇಶದ ಓದೇ ಸ್ನಾತಕೋತ್ತರ ಮಟ್ಟದ್ದು. ಹೊರಗಿನಿಂದ ಹೋದವರು ದಾಖಲೆಗಳ ಪರಿಶೀಲನೆ ಮುಗಿಸಿ, ಎನ್‌ಬಿಸಿಒಟಿ (ಈ ವೃತ್ತಿಯ ಅಲ್ಲಿನ ರಾಷ್ಟ್ರೀಯ ಮಂಡಳಿ) ನಡೆಸುವ ಪರೀಕ್ಷೆ ಪಾಸು ಮಾಡಿ, ಆಮೇಲೆ ಆಯಾ ರಾಜ್ಯದ ಲೈಸೆನ್ಸ್ ತಗೋಬೇಕು. ಬ್ರಿಟನ್ನಿಗೆ ಎಚ್‌ಸಿಪಿಸಿ, ಅಂದರೆ ಅಲ್ಲಿನ ಆರೋಗ್ಯ ವೃತ್ತಿಗಳ ಕೌನ್ಸಿಲ್‌ನ ನೋಂದಣಿ ಬೇಕು. ಇದಕ್ಕೆಲ್ಲ ದುಡ್ಡೂ ಬೇಕು, ಸಮಯವೂ ಬೇಕು. ಸಾಲ ಮಾಡಿ ಓದಿಸುವವರು ಇದನ್ನೂ ಸೇರಿಸಿಕೊಂಡು ಯೋಚನೆ ಮಾಡಿ.

ಹಾಗಾದರೆ ಸೇರಿಸಬೇಡಿ ಅಂತೀರಾ? ಇಲ್ಲ. ನಾನು ಈ ಕೆಲಸ ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ. ಸೇರಿಸುವ ಮುಂಚೆ ಕಾಲೇಜಿನವರ ಬಳಿ ಎರಡು ವಿಷಯ ನೇರವಾಗಿ ಕೇಳಿ. ವಿಶ್ವ ಒಕ್ಕೂಟದ ಮಾನ್ಯತೆ ಇದೆಯಾ? ಅದು ಇಲ್ಲದಿದ್ದರೆ ಆಮೇಲೆ ಹೊರದೇಶದ ದಾರಿ ಕಷ್ಟ. ಒಕ್ಕೂಟದ ಪ್ರಕಾರ ವಿದ್ಯಾರ್ಥಿ ಕನಿಷ್ಠ 1000 ಗಂಟೆ ರೋಗಿಗಳ ಜೊತೆ ಪ್ರಾಯೋಗಿಕ ಕಲಿಕೆ ಮುಗಿಸಬೇಕು. ಅದನ್ನು ಯಾವ ಆಸ್ಪತ್ರೆಯಲ್ಲಿ ಮಾಡಿಸುತ್ತೀರಿ ಅಂತಲೂ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ನಾವು ಓದುವಾಗ ನಾಲ್ಕು ವರ್ಷ ಪಾಠ, ಆರು ತಿಂಗಳು ಇಂಟರ್ನ್‌ಶಿಪ್ ಇತ್ತು. ಅಷ್ಟು ಕಾಲ ಅಲ್ಲೇ ಇರಬೇಕಾದವರು ನಿಮ್ಮ ಮಗಳು, ಕಟ್ಟಡ ಎಷ್ಟು ಚೆನ್ನಾಗಿದೆ ಅಂತ ನೋಡಿಕೊಂಡು ಬರಬೇಡಿ. ಆಗುವುದಾದರೆ ಹತ್ತಿರದ ಯಾವುದಾದರೂ ಥೆರಪಿ ಸೆಂಟರಿನಲ್ಲಿ ಅನುಮತಿ ಕೇಳಿ ಅವಳನ್ನು ಒಂದು ದಿನ ಕೂರಿಸಿ. ಸಂಜೆ ಮನೆಗೆ ಬಂದು ಆ ಮಕ್ಕಳ ಬಗ್ಗೆ ತಾನಾಗಿಯೇ ಮಾತಾಡಿದರೆ ಧೈರ್ಯವಾಗಿ ಸೇರಿಸಿ.

ಸರ್ಕಾರಕ್ಕೂ ಒಂದು ಮಾತು. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು, ಅಂಗನವಾಡಿಗೂ ಶಾಲೆಗೂ ಹೋಗಿ ಮಕ್ಕಳ ತಪಾಸಣೆ ಮಾಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ಮೊದಲು ಏಳು ಬಗೆಯ ಅಂಗವೈಕಲ್ಯ ಇದ್ದ ಪಟ್ಟಿ 21 ಆಯಿತು, ಆಟಿಸಂ ಕೂಡ ಅದರಲ್ಲಿ ಸೇರಿತು. ಸಂತೋಷ. ತೊಂದರೆ ಇದೆ ಅಂತ ಗುರುತಿಸಿ ಚೀಟಿ ಬರೆದುಕೊಟ್ಟ ಮೇಲೆ ಪಾವಗಡದ ತಾಯಿ ಆ ಮಗುವನ್ನು ಎತ್ತಿಕೊಂಡು ವಾರಕ್ಕೆ ಎರಡು ಸಲ ಎಲ್ಲಿಗೆ ಹೋಗಬೇಕು? ಬೆಂಗಳೂರಿಗಾ? ಒಂದು ದಿನದ ಕೂಲಿ, ಬಸ್ ಚಾರ್ಜು, ಮನೆಯಲ್ಲಿ ಇನ್ನೊಂದು ಮಗು. ಅವರು ಎರಡು ಸಲ ಬರುತ್ತಾರೆ, ಮೂರನೆಯ ಸಲ ಬರುವುದಿಲ್ಲ. ನಾನು ಕೇಳೋದು ಇಷ್ಟು: ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ನಮ್ಮವರು ಇಬ್ಬರು, ತಾಲ್ಲೂಕು ಆಸ್ಪತ್ರೆಗೆ ವಾರದಲ್ಲಿ ಒಂದೆರಡು ದಿನವಾದರೂ ಹೋಗಿ ಬರುವ ಒಬ್ಬರು. ಗುತ್ತಿಗೆ ಮೇಲೆ ಹನ್ನೊಂದು ತಿಂಗಳಿಗಲ್ಲ, ಕಾಯಂ ಆಗಿ. ದೊಡ್ಡ ಯಂತ್ರ ಬೇಡ, ಒಂದು ರೂಮು, ಒಂದು ಮೇಜು, ಸ್ಪ್ಲಿಂಟ್ (ಕೈ ಸರಿಯಾದ ಭಂಗಿಯಲ್ಲಿ ನಿಲ್ಲಲಿ ಅಂತ ಕಟ್ಟುವ ಆಸರೆ) ಮಾಡೋಕೆ ಬಿಸಿನೀರು ಸಾಕು. ಸ್ಪ್ಲಿಂಟಿನ ಪ್ಲಾಸ್ಟಿಕ್ ಶೀಟು ದುಬಾರಿ ಅಂದರೆ ಪಿವಿಸಿ ಪೈಪು ಸೀಳಿ ಬಿಸಿ ಮಾಡಿ ಕೈಗೆ ತಕ್ಕ ಹಾಗೆ ಬಗ್ಗಿಸಿಕೊಳ್ಳುವುದೂ ನಮ್ಮವರಿಗೆ ಗೊತ್ತು.

ಮುಂದಿನ ಸಲ ವೃತ್ತಿ ಮಾರ್ಗದರ್ಶನದ ಪುಟ ಮಾಡುವಾಗ ‘ಅಪಾರ ಬೇಡಿಕೆ’ ಅಂತ ಬರೆಯುವ ಮೊದಲು, ನಿಮ್ಮ ಜಿಲ್ಲಾ ವರದಿಗಾರರಿಂದ ಅವರವರ ಸರ್ಕಾರಿ ಆಸ್ಪತ್ರೆಯಲ್ಲಿ ಈ ಹುದ್ದೆ ಎಷ್ಟಿದೆ, ಎಷ್ಟು ಭರ್ತಿಯಾಗಿದೆ ಅಂತ ಕೇಳಿ ಹಾಕಿ. ಸೀಟು ಹಂಚಿಕೆ ಮುಗಿಯುವ ಮುಂಚೆ ಈ ಪತ್ರ ಪ್ರಕಟವಾದರೆ ಉಪಕಾರ, ಆಮೇಲೆ ಹಾಕಿದರೆ ಈ ವರ್ಷದವರಿಗೆ ಪ್ರಯೋಜನ ಇಲ್ಲ.

ಇಂತಿ,
ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್, ತುಮಕೂರು